ಮಗು ದುಂಡಗಿದ್ದರೆ ಸಾಲದು

ಕೂಸನ್ನು ಶ್ರೀಮಠಕ್ಕೆ ಕರೆತಂದು ಪೂಜ್ಯರ ಆಶೀರ್ವಾದ ಪಡೆಯುವುದು ನಮ್ಮ ಭಾಗದ ಭಕ್ತರ ಬಹುಕಾಲದ ರೂಢಿ. ಆಗ ಸುತ್ತ ನಿಂತವರ ಬಾಯಿಂದ ಬರುವ ಮೊದಲ ಮಾತು ಮಗುವಿನ ಮೈಕಟ್ಟನ್ನು ಕುರಿತದ್ದು. ಕೆನ್ನೆ ತುಂಬಿದ, ಎತ್ತಿಕೊಂಡರೆ ಕೈಗೆ ಭಾರವೆನಿಸುವ ಮಗುವಾದರೆ ತಾಯಿಗೆ ಮೆಚ್ಚುಗೆ; ಬಡಕಲು ಮಗುವಾದರೆ ಆಕೆಗೆ ಹತ್ತು ಮಂದಿಯ ಉಪದೇಶ. ದುಂಡಗಿನ ಮಗುವಿಗೆ ದೃಷ್ಟಿಯಾದೀತೆಂದು ಕೆನ್ನೆಗೆ ಕಪ್ಪು ಬೊಟ್ಟಿಡುವ ನಾವು, ಆ ದುಂಡುತನವನ್ನೇ ಕುರಿತು ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಬರಗಾಲವನ್ನೂ ಹಸಿವನ್ನೂ ಕಂಡುಂಡ ಹಿರಿಯರಿಗೆ ತುಂಬಿದ ಮೈ ದೈವಕೃಪೆಯಾಗಿ ತೋರಿದ್ದು ಸಹಜ. ಆದರೆ ಕಾಲ ಬದಲಾಗಿದೆ. ಮೂರು, ನಾಲ್ಕು, ಐದು ವರ್ಷದ ಮಕ್ಕಳಲ್ಲಿ ಎತ್ತರಕ್ಕೆ ಮೀರಿದ ತೂಕ ಇಂದು ನಗರದ ಸಿರಿವಂತರ ಮನೆಯ ಸಂಗತಿಯಾಗಿ ಉಳಿದಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ನಮ್ಮ ಭಕ್ತಕುಟುಂಬಗಳೂ ಈ ಕುರಿತು ಯೋಚಿಸಬೇಕಾದ ಹೊತ್ತು ಬಂದಿದೆ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸುವುದು ಒಳಿತು. ತಾಯಿಯ ಎದೆಹಾಲನ್ನಷ್ಟೇ ಕುಡಿದು ಬೆಳೆಯುವ ಹಸುಗೂಸು ಮೊದಲ ತಿಂಗಳುಗಳಲ್ಲಿ ದುಂಡಗಾಗುವುದು ಪ್ರಕೃತಿಯ ಕ್ರಮ. ಅದರ ಬಗ್ಗೆ ಆತಂಕ ಬೇಡ. ನಾವು ಹೇಳಹೊರಟಿರುವುದು, ಮಗು ನಡೆಯಲು, ಓಡಲು, ಮನೆಯ ಊಟ ಉಣ್ಣಲು ಕಲಿತ ನಂತರದ ವರ್ಷಗಳ ವಿಚಾರ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಐದು ವರ್ಷದೊಳಗಿನ ಮಕ್ಕಳ ಎತ್ತರವನ್ನೂ ತೂಕವನ್ನೂ ಅಳೆಯುತ್ತದೆ. 2015-16ರ ನಾಲ್ಕನೆಯ ಸುತ್ತಿನಲ್ಲಿ ಕರ್ನಾಟಕದ ಮಕ್ಕಳಲ್ಲಿ ಎತ್ತರಕ್ಕೆ ಮೀರಿದ ತೂಕವುಳ್ಳವರು ಶೇ. 2.6ರಷ್ಟಿದ್ದರು. 2019-21ರ ಐದನೆಯ ಸುತ್ತಿನಲ್ಲಿ ಅದು ಶೇ. 3.2ಕ್ಕೆ ಏರಿತು. ಇಡೀ ದೇಶದಲ್ಲಿ ಶೇ. 2.1ರಿಂದ ಶೇ. 3.4ಕ್ಕೆ ಏರಿತು. ಅದೇ ಐದನೆಯ ಸುತ್ತಿನಲ್ಲಿ ನಮ್ಮ ರಾಜ್ಯದ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದೆ ಗಿಡ್ಡಗೆ ಉಳಿದವರು ಶೇ. 35.4, ಎತ್ತರಕ್ಕೆ ತಕ್ಕ ತೂಕವಿಲ್ಲದೆ ಸೊರಗಿದವರು ಶೇ. 19.5, ಆರು ತಿಂಗಳಿನಿಂದ ಐದು ವರ್ಷದೊಳಗಿನವರಲ್ಲಿ ರಕ್ತಹೀನತೆಯುಳ್ಳವರು ಶೇ. 65.5.

ಇದನ್ನು ಓದಿದವರು ಕೇಳಬಹುದು: ನೂರರಲ್ಲಿ ಮೂವತ್ತೈದು ಮಕ್ಕಳು ಬೆಳೆಯದೆ ಉಳಿದಿರುವ ನಾಡಿನಲ್ಲಿ ದಪ್ಪಗಿರುವ ಮೂವರ ಚಿಂತೆ ಏತಕ್ಕೆ? ಇದು ನ್ಯಾಯವಾದ ಪ್ರಶ್ನೆ. ನಮ್ಮ ಉತ್ತರವಿಷ್ಟು: ಇವು ಎರಡು ಬೇರೆ ಬೇರೆ ಕಾಯಿಲೆಗಳಲ್ಲ, ಒಂದೇ ಬೇರಿನ ಎರಡು ಕವಲುಗಳು. ಮಗುವಿನ ತಟ್ಟೆಯಲ್ಲಿ ಅನ್ನ, ಸಕ್ಕರೆ, ಎಣ್ಣೆ ಇದ್ದು ಕಾಳು, ಸೊಪ್ಪು, ಹಣ್ಣು, ಮೊಸರು ಇಲ್ಲದಿದ್ದರೆ ಒಂದು ಮನೆಯಲ್ಲಿ ಮಗು ಸೊರಗುತ್ತದೆ, ಇನ್ನೊಂದು ಮನೆಯಲ್ಲಿ ಊದಿಕೊಳ್ಳುತ್ತದೆ. ಎಷ್ಟೋ ಕಡೆ ಒಂದೇ ಮಗು ಎತ್ತರದಲ್ಲಿ ಕುಗ್ಗಿ ತೂಕದಲ್ಲಿ ಹಿಗ್ಗುತ್ತದೆ. ಆರು ತಿಂಗಳು ದಾಟಿ ಎರಡು ವರ್ಷ ತುಂಬದ ಮಕ್ಕಳಲ್ಲಿ ಸಾಕಷ್ಟು ಸಮತೋಲನದ ಆಹಾರ ದೊರೆಯುತ್ತಿದ್ದುದು ದೇಶದಲ್ಲಿ ನೂರಕ್ಕೆ ಸುಮಾರು ಹನ್ನೊಂದು ಮಂದಿಗೆ ಮಾತ್ರ ಎಂದು ಅದೇ ಸಮೀಕ್ಷೆ ಹೇಳುತ್ತದೆ. ಉಳಿದವರ ಹೊಟ್ಟೆ ತುಂಬಿರಬಹುದು, ಆಹಾರ ಪೂರ್ಣವಾಗಿಲ್ಲ.

ನಮ್ಮ ನಾಲ್ಕು ತಾಲ್ಲೂಕುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ಚನ್ನಗಿರಿಗೆ ಭದ್ರಾ ನಾಲೆಯ ನೀರಿದೆ, ಸೂಳೆಕೆರೆಯಿದೆ, ಕಣ್ಣು ಹಾಯುವಷ್ಟು ದೂರ ಅಡಿಕೆ ತೋಟಗಳಿವೆ. ಹೊನ್ನಾಳಿಯ ಮಗ್ಗುಲಲ್ಲೇ ತುಂಗಭದ್ರೆ ಹರಿಯುತ್ತಾಳೆ. ಹೊನ್ನಾಳಿಯಿಂದ ಈಚೆಗೆ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಯಲ್ಲಿ ಭತ್ತ, ಮೆಕ್ಕೆಜೋಳ, ಅಡಿಕೆ ಮೂರೂ ಉಂಟು. ಜಗಳೂರಿನ ಕಥೆ ಬೇರೆ. ಅದು ಮಳೆಯನ್ನೇ ನಂಬಿದ ಸೀಮೆ. ಬರ ಬಿದ್ದ ವರ್ಷ ಗುಳೆ ಹೋಗುವವರ ಸೀಮೆ. ಮೇಲ್ನೋಟಕ್ಕೆ ಅಧಿಕ ತೂಕವು ನೀರಾವರಿಯ ಕಡೆಯ ಕಾಯಿಲೆ, ಸೊರಗುವುದು ಬರಸೀಮೆಯ ಕಾಯಿಲೆ ಎನಿಸುತ್ತದೆ. ಇಷ್ಟು ಸರಳವಾದ ವಿಂಗಡಣೆಯನ್ನು ನಾವು ಒಪ್ಪುವುದಿಲ್ಲ.

ಕಾರಣವನ್ನು ಹೊಲದಲ್ಲೇ ನೋಡಬಹುದು. ಒಂದು ಕಡೆ ಅಡಿಕೆ, ಇನ್ನೊಂದು ಕಡೆ ಮೆಕ್ಕೆಜೋಳ. ಎರಡೂ ಕುಟುಂಬಕ್ಕೆ ಹಣ ತರುವ ಬೆಳೆಗಳು. ಎರಡೂ ಮಗು ಉಣ್ಣುವ ಬೆಳೆಗಳಲ್ಲ. ಅಡಿಕೆ ಮಂಡಿಗೆ ಹೋಗುತ್ತದೆ, ಮೆಕ್ಕೆಜೋಳ ಬಹುಪಾಲು ಕೋಳಿ ಆಹಾರಕ್ಕೂ ಕಾರ್ಖಾನೆಗೂ ಹೋಗುತ್ತದೆ. ಒಂದು ಕಾಲಕ್ಕೆ ಇದೇ ನೆಲದಲ್ಲಿ ರಾಗಿ, ಜೋಳ, ನವಣೆ, ಸಜ್ಜೆಗಳ ಸಾಲಿನ ನಡುವೆ ಅವರೆ, ತೊಗರಿ, ಹುರುಳಿ, ಅಲಸಂದೆಗಳ ಅಕ್ಕಡಿ ಇರುತ್ತಿತ್ತು. ಹೊಲದಿಂದ ನೇರವಾಗಿ ಕಣಜಕ್ಕೆ, ಕಣಜದಿಂದ ಒಲೆಗೆ ಬರುತ್ತಿದ್ದ ಆ ಕಾಳುಗಳೇ ಮಕ್ಕಳ ಸ್ನಾಯುವನ್ನೂ ಎಲುಬನ್ನೂ ಕಟ್ಟುತ್ತಿದ್ದವು. ಈಗ ತೋಟದ ಮನೆಯವರೂ ಕೂಲಿಯ ಮನೆಯವರೂ ಆಹಾರಕ್ಕೆ ಅಂಗಡಿಯನ್ನೇ ನಂಬಬೇಕಾಗಿದೆ. ಅಂಗಡಿಯಲ್ಲಿ ಮಗುವಿನ ಕಣ್ಣಿಗೆ ಮೊದಲು ಬೀಳುವುದು ಬಾಗಿಲಲ್ಲಿ ಸರದಂತೆ ತೂಗುಬಿಟ್ಟ ಐದು ರೂಪಾಯಿಯ ಪೊಟ್ಟಣ. ಆ ಪೊಟ್ಟಣಕ್ಕೆ ನೀರಾವರಿ, ಖುಷ್ಕಿ ಎಂಬ ಭೇದವಿಲ್ಲ. ತೋಟದ ಮನೆಯ ಮಗು ದಿನಕ್ಕೆ ಮೂರು ತಿಂದರೆ, ಕೂಲಿಗೆ ಹೋಗುವ ತಾಯಿಯ ಮಗು ಊಟದ ಬದಲಿಗೆ ಒಂದನ್ನು ತಿನ್ನುತ್ತದೆ. ಮೊದಲನೆಯದು ಬೊಜ್ಜಿಗೆ ದಾರಿ, ಎರಡನೆಯದು ಕುಂಠಿತ ಬೆಳವಣಿಗೆಗೆ ದಾರಿ. ಪೊಟ್ಟಣ ಮಾತ್ರ ಒಂದೇ.

ನಗರದಲ್ಲಿ ಏನಾಯಿತೆಂಬುದು ನಮಗೆ ಎಚ್ಚರಿಕೆಯಾಗಬೇಕು. ದಾವಣಗೆರೆ ನಗರದ ಅನುಕೂಲಸ್ಥರ ಮಕ್ಕಳು ಓದುವ ಶಾಲೆಗಳಲ್ಲಿ ನಡೆದ ಒಂದು ಅಧ್ಯಯನ 2007ರಲ್ಲಿ ಪ್ರಕಟವಾಯಿತು. ನೂರರಲ್ಲಿ ಐದಾರು ಮಕ್ಕಳಿಗೆ ಬೊಜ್ಜಿರುವುದನ್ನೂ, ಹುಡುಗರಿಗಿಂತ ಹುಡುಗಿಯರಲ್ಲಿ ಅದು ಹೆಚ್ಚಿರುವುದನ್ನೂ ಅದು ಗುರುತಿಸಿತ್ತು. ಅಂದು ಅದು ಜಿಲ್ಲಾ ಕೇಂದ್ರದ, ಉಳ್ಳವರ ಸಂಗತಿ. ಇಂದು ಆ ನಗರದ ತಿಂಡಿ, ಪಾನೀಯ, ಮೊಬೈಲ್ ಎಲ್ಲವೂ ನಮ್ಮ ಹೋಬಳಿ ಊರುಗಳ ಬಸ್ ನಿಲ್ದಾಣದವರೆಗೆ ಬಂದು ನಿಂತಿವೆ. ಅವುಗಳ ಹಿಂದೆಯೇ ಅವುಗಳ ಫಲವೂ ಬರುತ್ತದೆ.

ಚಿಕ್ಕಂದಿನ ಮೈ ಬೆಳೆಯುತ್ತ ಕರಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಕೆಲವು ಮಕ್ಕಳಲ್ಲಿ ಹಾಗೆ ಆಗುವುದುಂಟು. ಆದರೆ ಭಾರತೀಯರ ಶರೀರದ ಬಗ್ಗೆ ನಡೆದಿರುವ ಸಂಶೋಧನೆಗಳು ಬೇರೊಂದು ವಿಷಯವನ್ನು ತಿಳಿಸುತ್ತವೆ. ಪುಣೆಯ ಸಂಶೋಧಕರು ನಮ್ಮ ನವಜಾತ ಶಿಶುಗಳು ತೂಕದಲ್ಲಿ ಕಡಿಮೆಯಿದ್ದರೂ ಚರ್ಮದಡಿಯ ಕೊಬ್ಬನ್ನು ಉಳಿಸಿಕೊಂಡಿರುತ್ತವೆ ಎಂಬುದನ್ನು ತೋರಿಸಿದ್ದಾರೆ. ನೋಡಲು ತೆಳ್ಳಗೆ, ಒಳಗೆ ಕೊಬ್ಬು. ನಮ್ಮದೇ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಅನುಸರಿಸಿದ ಅಧ್ಯಯನದಲ್ಲಿ, ಗರ್ಭಿಣಿಯಾಗಿದ್ದಾಗ ಸಕ್ಕರೆ ಕಾಯಿಲೆಯಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೆಯ ವಯಸ್ಸಿಗಾಗಲೇ ಕೊಬ್ಬಿನ ಪದರ ಹೆಚ್ಚಿದ್ದುದು ಕಂಡುಬಂದಿತು. ದೆಹಲಿಯಲ್ಲಿ ಹುಟ್ಟಿನಿಂದ ಪ್ರಾಯದವರೆಗೆ ಅಳೆಯುತ್ತ ಬಂದ ಸಮೂಹದ ಫಲಿತಾಂಶ 2004ರಲ್ಲಿ ಹೊರಬಂತು. ಮೂವತ್ತರ ಆಸುಪಾಸಿನಲ್ಲೇ ಸಕ್ಕರೆ ಕಾಯಿಲೆಯ ಹಾದಿ ಹಿಡಿದವರು ಎರಡು ವರ್ಷದವರೆಗೆ ತೆಳ್ಳಗಿದ್ದು, ಆಮೇಲೆ ಬೇಗ ಬೇಗ ಮೈ ತುಂಬಿಕೊಂಡವರಾಗಿದ್ದರು. ಗಮನಿಸಬೇಕಾದುದೆಂದರೆ, ಹನ್ನೆರಡನೆಯ ವಯಸ್ಸಿನಲ್ಲಿ ಅವರಲ್ಲಿ ಯಾರೂ ಬೊಜ್ಜಿನವರೆನಿಸಿಕೊಳ್ಳುವಷ್ಟು ದಪ್ಪಗಿರಲಿಲ್ಲ. ಅಪಾಯವು ಕಣ್ಣಿಗೆ ಕಾಣುವ ಮೊದಲೇ ಮೈಯೊಳಗೆ ಮನೆ ಮಾಡಿತ್ತು.

ಹುಟ್ಟಿದಾಗ ಎರಡೂವರೆ ಕಿಲೋಗಿಂತ ಕಡಿಮೆಯಿದ್ದ ಮಗುವನ್ನು ಬೇಗ ದಪ್ಪ ಮಾಡಬೇಕೆಂಬ ಹಟ ನಮ್ಮ ಮನೆಗಳಲ್ಲಿ ಸಾಮಾನ್ಯ. ಆ ಹಟದ ಹಿಂದೆ ಇರುವುದು ಪ್ರೀತಿಯೇ. ಆದರೆ ಮಗುವಿಗೆ ಬೇಕಾದುದು ಎತ್ತರ, ರಕ್ತ, ಸ್ನಾಯು. ನಾವು ತುಂಬುತ್ತಿರುವುದು ಕೊಬ್ಬು. ಕರ್ನಾಟಕದ ವಯಸ್ಕರಲ್ಲಿ ಸ್ತ್ರೀಯರೂ ಪುರುಷರೂ ನೂರಕ್ಕೆ ಮೂವತ್ತು ಮಂದಿ ತೂಕ ಮೀರಿದವರೆಂದು ಅದೇ ಐದನೆಯ ಸಮೀಕ್ಷೆ ಹೇಳುತ್ತದೆ. ನಮ್ಮ ಮನೆಗಳಲ್ಲಿ ಅಪ್ಪನಿಗೆ ಸಕ್ಕರೆ, ಅಮ್ಮನಿಗೆ ರಕ್ತದೊತ್ತಡ ಎಂಬ ಮಾತು ದಿನದ ಮಾತಾಗಿದೆ. ಇದರ ಬೀಜವನ್ನು ತೊಟ್ಟಿಲಿನಿಂದಲೇ ಬಿತ್ತುವುದು ಬೇಡವೆಂಬುದಷ್ಟೇ ನಮ್ಮ ಕಳಕಳಿ.

ಮನೆಯೊಳಗಿನ ಕಾರಣಗಳನ್ನು ಒಂದೊಂದಾಗಿ ನೋಡೋಣ. ಮೊದಲನೆಯದು ಸಕ್ಕರೆ. ಎರಡು ವರ್ಷ ತುಂಬುವವರೆಗೆ ಮಗುವಿನ ಆಹಾರಕ್ಕೆ ಸಕ್ಕರೆ ಬೆರೆಸಲೇಬಾರದೆಂಬುದು ತಜ್ಞರ ಸಲಹೆ. ನಮ್ಮಲ್ಲಿ ಆರನೆಯ ತಿಂಗಳಿಗೇ ಹಾಲಿಗೆ ಸಕ್ಕರೆ, ಟೀಯಲ್ಲಿ ಅದ್ದಿದ ಬಿಸ್ಕತ್ತು ಶುರುವಾಗುತ್ತದೆ. ಮೂರು ವರ್ಷದ ಮಗುವಿಗೆ ದಿನಕ್ಕೆ ಬೇಕಾದ ಶಕ್ತಿ ಸುಮಾರು ಸಾವಿರ ಕ್ಯಾಲರಿ. ಅದರಲ್ಲಿ ಹೊರಗಿನಿಂದ ಬೆರೆಸಿದ ಸಕ್ಕರೆಯ ಪಾಲು ಹತ್ತರಲ್ಲೊಂದನ್ನು ಮೀರಬಾರದು, ಇಪ್ಪತ್ತರಲ್ಲೊಂದಾದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಹೆಚ್ಚೆಂದರೆ 25 ಗ್ರಾಂ, ಒಳ್ಳೆಯದೆಂದರೆ 12 ಗ್ರಾಂ. ಇನ್ನೂರು ಮಿಲಿಲೀಟರಿನ ಒಂದು ತಂಪು ಪಾನೀಯದ ಬಾಟಲಿಯಲ್ಲೇ ಇಪ್ಪತ್ತು ಗ್ರಾಮಿಗೂ ಹೆಚ್ಚು ಸಕ್ಕರೆಯಿರುತ್ತದೆ. ಮದುವೆ ಮನೆಯಲ್ಲಿ ಮಗುವಿನ ಕೈಗೆ ಕೊಟ್ಟ ಒಂದು ಬಾಟಲಿ, ಆ ದಿನದ ಪಾಲನ್ನು ಬಹುಮಟ್ಟಿಗೆ ಮುಗಿಸಿಬಿಡುತ್ತದೆ. ಬೆಲ್ಲವೂ ಈ ಲೆಕ್ಕದಲ್ಲಿ ಸಕ್ಕರೆಯೇ ಎಂಬುದನ್ನು ಮರೆಯಬಾರದು.

ಎರಡನೆಯದು ಹಾಲಿನ ವಿಚಾರ. ಹಾಲು ಅಮೃತವೆಂಬುದು ನಿಜ. ಆದರೆ ಊಟ ಮಾಡದ ಮಗುವಿಗೆ ಬಾಟಲಿಯಲ್ಲಿ ಮತ್ತೆ ಮತ್ತೆ ಸಕ್ಕರೆ ಹಾಲು ಕುಡಿಸಿದರೆ ಹಸಿವು ಸತ್ತು, ಊಟ ಇನ್ನಷ್ಟು ದೂರವಾಗುತ್ತದೆ. ಕಬ್ಬಿಣದ ಅಂಶ ಸಿಗದೆ ರಕ್ತವೂ ಕಡಿಮೆಯಾಗುತ್ತದೆ. ಒಂದು ವರ್ಷ ದಾಟಿದ ಮಗುವಿಗೆ ದಿನಕ್ಕೆ ಅರ್ಧ ಲೀಟರ್ ಮೀರದಂತೆ, ಲೋಟದಲ್ಲಿ, ಸಕ್ಕರೆಯಿಲ್ಲದ ಹಾಲು ಸಾಕು.

ಮೂರನೆಯದು ಮೊಬೈಲು. ತೆರೆ ನೋಡುತ್ತ ತುತ್ತು ನುಂಗುವ ಮಗುವಿಗೆ ಹೊಟ್ಟೆ ತುಂಬಿದ್ದು ತಿಳಿಯುವುದಿಲ್ಲ. ಎರಡರಿಂದ ನಾಲ್ಕು ವರ್ಷದ ಮಗು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ತೆರೆಯ ಮುಂದೆ ಕೂರಬಾರದು, ದಿನದಲ್ಲಿ ಮೂರು ಗಂಟೆಯಾದರೂ ಓಡಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಿಳಿಸಿದೆ. ಅಂಗಳವಿರುವ, ಓಣಿಯಿರುವ, ಬಯಲಿರುವ ನಮ್ಮ ಊರುಗಳಲ್ಲಿ ಇದು ಕಷ್ಟದ ಮಾತಾಗಬಾರದು.

ನಾಲ್ಕನೆಯದನ್ನು ಹೇಳುವಾಗ ನಾವು ಮಾತನ್ನು ತೂಗಿ ಆಡಬೇಕು. ಪ್ರಸಾದವನ್ನು ಕೆಡಿಸಬಾರದೆಂಬುದು ಶರಣ ಪರಂಪರೆ ನಮಗೆ ಕೊಟ್ಟ ದೊಡ್ಡ ಸಂಸ್ಕಾರ. ಉಂಡ ತಟ್ಟೆಯನ್ನು ತೊಳೆದು ಕುಡಿಯುವ ಹಿರಿಯರು ಇಂದಿಗೂ ನಮ್ಮ ಮನೆಗಳಲ್ಲಿದ್ದಾರೆ. ಆದರೆ ಈ ಸಂಸ್ಕಾರವನ್ನು ಮಗುವಿನ ಮೇಲೆ ಹೇರುವ ಬಗೆಯಲ್ಲಿ ತಪ್ಪುತ್ತಿದೆ. ದೊಡ್ಡವರ ಅಳತೆಯಲ್ಲಿ ಬಡಿಸುವವರು ನಾವು. ಅದನ್ನು ಮುಗಿಸಲೇಬೇಕೆಂದು ಗದರಿಸುವವರೂ ನಾವು. ಮಗು 'ಸಾಕು' ಎಂದಾಗ ಅದರ ಹೊಟ್ಟೆಯೇ ಮಾತಾಡುತ್ತಿದೆ. ಆ ಮಾತನ್ನು ದಿನವೂ ಅಡಗಿಸಿದರೆ, ಬೆಳೆದ ಮೇಲೆ ಅದಕ್ಕೆ ಹಸಿವಿನ ಮಿತಿಯೇ ಮರೆತುಹೋಗುತ್ತದೆ. ಪ್ರಸಾದ ಕೆಡಬಾರದೆಂದರೆ ದಾರಿಯಿಷ್ಟೆ: ಮೊದಲು ಕಡಿಮೆ ಬಡಿಸುವುದು, ಮಗು ಕೇಳಿದರೆ ಮತ್ತೆ ಬಡಿಸುವುದು. ಬೇಕಾದಷ್ಟನ್ನೇ ಪಡೆದು ಉಣ್ಣುವುದೂ ಪ್ರಸಾದಕ್ಕೆ ತೋರುವ ಗೌರವವೇ. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ನಿತ್ಯ ದಾಸೋಹ ನಡೆಸಿ, 2019ರಲ್ಲಿ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಡಾ. ಶಿವಕುಮಾರ ಮಹಾಸ್ವಾಮಿಗಳು ತಮ್ಮ ಮಿತಾಹಾರಕ್ಕೆ ಹೆಸರಾಗಿದ್ದರು. ಹತ್ತು ಜನರಿಗೆ ತುಂಬ ಉಣಿಸುವುದು, ತಾನು ಹಿತವಾಗಿ ಉಣ್ಣುವುದು, ಇವೆರಡೂ ಒಂದೇ ಧರ್ಮದ ಭಾಗವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಹಾಗಾದರೆ ಮಗುವಿನ ತೂಕ ಮೀರಿದೆಯೇ ಇಲ್ಲವೇ ಎಂದು ತಿಳಿಯುವುದು ಹೇಗೆ? ಕಣ್ಣಳತೆಯಿಂದ ಸಾಧ್ಯವಿಲ್ಲ. ವಯಸ್ಸಿಗೆ ತಕ್ಕ ತೂಕವಿದೆಯೇ ಎಂಬ ಒಂದೇ ಅಳತೆಯಿಂದಲೂ ಸಾಧ್ಯವಿಲ್ಲ. ಎತ್ತರದಲ್ಲಿ ಕುಗ್ಗಿ, ಮೈಯಲ್ಲಿ ತುಂಬಿದ ಮಗುವಿನ ತೂಕ ವಯಸ್ಸಿಗೆ ಸರಿಯಾಗಿಯೇ ಕಾಣುತ್ತದೆ. ಬೆಳವಣಿಗೆ ನಕ್ಷೆಯ ಹಸಿರು ಪಟ್ಟಿಯಲ್ಲೇ ಅದರ ಚುಕ್ಕೆ ಬೀಳುತ್ತದೆ. ತಾಯಿ ನೆಮ್ಮದಿಯಿಂದ ಮನೆಗೆ ಹೋಗುತ್ತಾಳೆ. ಎತ್ತರಕ್ಕೆ ತೂಕವನ್ನು ಹೋಲಿಸಿದಾಗಲೇ ನಿಜ ತಿಳಿಯುವುದು. ರಾಷ್ಟ್ರೀಯ ಸಮೀಕ್ಷೆಯ ಲೆಕ್ಕ ಜಿಲ್ಲೆಗೆ ನಿಲ್ಲುತ್ತದೆ; ತಾಲ್ಲೂಕಿನ, ಹಳ್ಳಿಯ ನಿಜವನ್ನು ತಿಳಿಸಬಲ್ಲದ್ದು ಅಂಗನವಾಡಿಯ ತಕ್ಕಡಿ ಮತ್ತು ಅಳತೆಪಟ್ಟಿ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಆರಂಭವಾದ, ನಮ್ಮ ರಾಜ್ಯದಲ್ಲಿ ಟಿ. ನರಸೀಪುರದಿಂದ ಮೊದಲ್ಗೊಂಡ ಶಿಶು ಅಭಿವೃದ್ಧಿ ಯೋಜನೆಗೆ ಐವತ್ತು ವರ್ಷ ತುಂಬಿದೆ. ಹಸಿದ ಮಕ್ಕಳಿಗಾಗಿ ಹುಟ್ಟಿದ ಆ ವ್ಯವಸ್ಥೆಯೇ 2025ರ ಪೋಷಣ್ ಪಖ್ವಾಡದಲ್ಲಿ ಮಕ್ಕಳ ಬೊಜ್ಜನ್ನೂ ತನ್ನ ವಿಷಯಗಳಲ್ಲಿ ಸೇರಿಸಿಕೊಂಡಿತು. ಅನುಕೂಲವಂತರ ಅನೇಕ ಮನೆಗಳಲ್ಲಿ ಅಂಗನವಾಡಿ ಬಡವರಿಗೆ ಎಂಬ ಭಾವನೆಯಿದೆ. ಅಲ್ಲಿನ ಆಹಾರ ಬೇಡವೆಂದರೂ ಅಳತೆ ಬೇಡವೆನ್ನಬಾರದು. ತಿಂಗಳಿಗೊಮ್ಮೆ ತೂಕ, ಎತ್ತರ ಎರಡನ್ನೂ ಬರೆಸಿ, 'ಎತ್ತರಕ್ಕೆ ತೂಕ ಹೇಗಿದೆ' ಎಂದು ಕಾರ್ಯಕರ್ತೆಯನ್ನು ಕೇಳುವುದು ಪ್ರತಿ ತಾಯಿತಂದೆಯ ಕರ್ತವ್ಯ.

ತೂಕ ಮೀರಿದೆ ಎಂದು ತಿಳಿದ ಮೇಲೆ ಮಗುವನ್ನು ಹಸಿವೆಯಲ್ಲಿ ಇಡುವುದು ದೊಡ್ಡ ಪ್ರಮಾದ. ಐದಾರು ವರ್ಷದೊಳಗಿನ ಮಗುವಿನ ತೂಕವನ್ನು ಇಳಿಸುವ ಗುರಿ ಸಾಮಾನ್ಯವಾಗಿ ಇರುವುದಿಲ್ಲ. ತೂಕ ಏರುವ ವೇಗವನ್ನು ತಡೆದರೆ ಎತ್ತರ ಬೆಳೆದು ಅದನ್ನು ಸರಿದೂಗಿಸುತ್ತದೆ. ತೂಕ ತೀರ ಹೆಚ್ಚಿದ್ದರೆ, ಎತ್ತರ ಬೆಳೆಯದೆ ತೂಕವಷ್ಟೇ ಏರುತ್ತಿದ್ದರೆ, ಮಲಗಿದಾಗ ಗೊರಕೆಯಿಂದ ಉಸಿರು ಕಟ್ಟುವಂತಿದ್ದರೆ ಮಕ್ಕಳ ವೈದ್ಯರಲ್ಲಿ ತೋರಿಸಬೇಕು. ಮಗುವನ್ನು 'ಡುಮ್ಮ', 'ಡುಮ್ಮಿ' ಎಂದು ಕರೆಯುವ ಸಲಿಗೆಯನ್ನು ಬಿಡಬೇಕು. ಆ ಮಾತು ಮಗುವಿನ ಮನಸ್ಸಿನಲ್ಲಿ ಉಳಿಯುತ್ತದೆ. ಸೊಸೆಯನ್ನು ದೂರುವುದೂ ಸಲ್ಲ. ಮಗುವಿನ ಕೈಗೆ ಪೊಟ್ಟಣ ಕೊಡುವವರಲ್ಲಿ ಅಜ್ಜ, ಅಜ್ಜಿ, ಸೋದರಮಾವ, ನೆಂಟರು ಎಲ್ಲರೂ ಇದ್ದಾರೆ.

ಪರ್ಯಾಯ ನಮ್ಮ ಅಡುಗೆಮನೆಯಲ್ಲೇ ಇದೆ. ರಾಗಿ ಗಂಜಿ, ಮುದ್ದೆ, ಜೋಳದ ರೊಟ್ಟಿ, ಮೊಳಕೆ ಬಂದ ಹೆಸರುಕಾಳು, ಹುರುಳಿ ಸಾರು, ನುಗ್ಗೆಸೊಪ್ಪು, ಮಜ್ಜಿಗೆ, ಬಾಳೆಹಣ್ಣು, ಪೇರಲ, ಹುರಿಗಡಲೆ, ಶೇಂಗಾ ಪುಡಿ. ಇವುಗಳಲ್ಲಿ ಯಾವುದೂ ಪಟ್ಟಣದಿಂದ ತರಬೇಕಾದುದಲ್ಲ. ಇಡೀ ಶೇಂಗಾ, ಕಡಲೆಗಳು ಸಣ್ಣ ಮಕ್ಕಳ ಗಂಟಲಿಗೆ ಸಿಕ್ಕಬಹುದಾದ್ದರಿಂದ ಪುಡಿ ಮಾಡಿಯೇ ಕೊಡಬೇಕು. ರಾಜ್ಯ ಸರ್ಕಾರ 2013ರಲ್ಲಿ ಕ್ಷೀರಭಾಗ್ಯವನ್ನು ಆರಂಭಿಸಿತು. 2024ರಿಂದ ಶಾಲಾ ಮಕ್ಕಳ ಹಾಲಿಗೆ ರಾಗಿ ಮಾಲ್ಟ್ ಸೇರಿಸಿತು. ಶಾಲೆಯಲ್ಲಿ ರಾಗಿ ಕುಡಿದ ಮಗು ಗೇಟಿನ ಹೊರಗೆ ಪೊಟ್ಟಣ ಕೊಳ್ಳುವಂತಾದರೆ ಆ ಶ್ರಮವೆಲ್ಲ ವ್ಯರ್ಥ. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸನ್ನು ಶಾಲೆಯ ಗೇಟಿನಿಂದ ಐವತ್ತು ಮೀಟರಿನೊಳಗೆ ಮಕ್ಕಳಿಗೆ ಮಾರಬಾರದೆಂಬ ನಿಯಮವನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ಮಾಡಿದೆ. ಶಾಲಾಭಿವೃದ್ಧಿ ಸಮಿತಿಗಳಲ್ಲಿರುವ ನಮ್ಮ ಭಕ್ತರು ಈ ನಿಯಮವನ್ನು ನೆನಪಿಸಿದರೆ ಸಾಕು, ಜಗಳವಾಡಬೇಕಿಲ್ಲ.

ಇನ್ನು ಉಳಿದದ್ದು ನಮ್ಮ ಮಠದ ಮಾತು. ಇತರರಿಗೆ ಹೇಳುವ ಮುನ್ನ ನಮ್ಮ ಅಂಗಳವನ್ನು ಗುಡಿಸಿಕೊಳ್ಳಬೇಕು. ಜಾತ್ರೆ, ರಥೋತ್ಸವ, ಅಮಾವಾಸ್ಯೆಯ ದಾಸೋಹಗಳಲ್ಲಿ ಮಕ್ಕಳಿಗೆಂದು ಭಕ್ತರು ಚಾಕೊಲೇಟು, ಬಿಸ್ಕತ್ತು, ಬಣ್ಣದ ಪಾನೀಯಗಳನ್ನು ಹಂಚುವುದು ಹೆಚ್ಚುತ್ತಿದೆ. ಕೊಡುವವರ ಭಕ್ತಿಯನ್ನು ನಾವು ಪ್ರಶ್ನಿಸುವುದಿಲ್ಲ; ಆದರೆ ಸೇವೆಯ ರೂಪ ಬದಲಾಗಬೇಕು. ಮಕ್ಕಳ ಸೇವೆಗೆ ಬಾಳೆಹಣ್ಣು, ಹುರಿಗಡಲೆ ಹಿಟ್ಟಿನ ಉಂಡೆ, ಮಜ್ಜಿಗೆ ಸಲ್ಲಲಿ. ದಾಸೋಹದ ಸಾಲಿನಲ್ಲಿ ಮಕ್ಕಳಿಗೆ ಸಿಹಿ ಒಂದು ತುತ್ತಿನಷ್ಟಿರಲಿ, ಕಾಳಿನ ಪಲ್ಯ ಮೊದಲು ಬರಲಿ. ಜಾತ್ರೆಯ ಬೀದಿಯಲ್ಲಿ ಅಂಗಡಿಗಳಿಗೆ ಜಾಗ ಕೊಡುವಾಗ ಮಠದ ಬಾಗಿಲಿನ ಹತ್ತಿರ ಹಣ್ಣಿನವರಿಗೂ ಮಂಡಕ್ಕಿಯವರಿಗೂ ಮೊದಲ ಸ್ಥಾನ ಸಿಗಲಿ. ಈ ಸೂಚನೆಗಳನ್ನು ನಾವು ಪೂಜ್ಯರ ಸನ್ನಿಧಿಗೂ ದಾಸೋಹ ಸಮಿತಿಗೂ ವಿನಯಪೂರ್ವಕವಾಗಿ ಅರ್ಪಿಸುತ್ತೇವೆ. ಮಠದಲ್ಲಿ ರೂಢಿಯಾದದ್ದು ಮನೆಯಲ್ಲಿ ರೂಢಿಯಾಗಲು ಹೆಚ್ಚು ಕಾಲ ಬೇಕಾಗದು.

ದೇಹವನ್ನು ದೇವರ ನೆಲೆಯೆಂದು ಕಂಡವರು ನಮ್ಮ ಶರಣರು. ಕಾಯಕಕ್ಕೆ ಒದಗುವ, ದಾಸೋಹಕ್ಕೆ ಸಲ್ಲುವ ದೇಹ ಬೇಕೆಂದರೆ ಅದು ಬಾಲ್ಯದಲ್ಲೇ ಗಟ್ಟಿಯಾಗಬೇಕು. ಜಗಳೂರಿನ ಸೊರಗಿದ ಮಗುವೂ ಚನ್ನಗಿರಿಯ ತುಂಬಿದ ಮೈಯ ಮಗುವೂ ನಮ್ಮಿಂದ ಕೇಳುತ್ತಿರುವುದು ಒಂದನ್ನೇ: ಹಿತವಾದ ಊಟ, ಆಡಲು ಬಯಲು, ತಿಂಗಳಿಗೊಮ್ಮೆ ಸರಿಯಾದ ಅಳತೆ. ಮುಂದಿನ ಬಾರಿ ಯಾರಾದರೂ ಮಗುವನ್ನು ಎತ್ತಿಕೊಂಡು 'ಎಷ್ಟು ದುಂಡಗಿದೆ' ಎಂದರೆ, 'ಎಷ್ಟು ಎತ್ತರ ಬೆಳೆದಿದೆ' ಎಂದೂ ಕೇಳೋಣ.